ಥಂಡ್ಯಾಗ ಏನಂತೈತಿ?

‘ನಮ್ಮ ಮನಿತನದಾಗ ಹೆಬ್ಬೆಟ್ಟ ಒತ್ತಿದಾವ್ರ ಎಲ್ಲಾರು. ಈಕಿ ಉಕ್ಕಿನ ಕಾಗದ ಓದಿ ಸಹಿ ಮಾಡೂದು ಆಗೂ ಮಾತಲ್ಲ’ ಎಂದವರು ಶಿರಹಟ್ಟಿಯ ನನ್ನ ಸೋದರಮಾವ. ಎಂಜಿನಿಯರಿಂಗ್ ಪದವಿ ಮುಗಿಸಿ ಬೆಟಗೇರಿಯ ಟ್ಯಾಂಕ್ ಕಾರ್ಖಾನೆ ಸೇರಿದೆ; ಬಂದ ಉಕ್ಕಿನ ಪರೀಕ್ಷಾ ಕಾಗದ ಓದಿ, ಸರಿಯಿದ್ದರೆ ಸಹಿ ಹಾಕುವುದು ನನ್ನ ಕೆಲಸ. ಅಲ್ಲಿ ಉಗ್ರಾಣ ನೋಡಿಕೊಳ್ಳುವ ಹಿರಿಯರೊಬ್ಬರಿದ್ದರು. ಬಂದ ಪ್ರತಿ ಉಕ್ಕಿಗೂ ಸೀಮೆಸುಣ್ಣ ತಿಕ್ಕುವರು. ಅಚ್ಚೊತ್ತಿದ ಸಂಖ್ಯೆ ಬೆಳ್ಳಗೆ ಮೂಡಿದ ಮೇಲೆ ಒಂದೇ ಮಾತು: ‘ಥಂಡ್ಯಾಗ ಏನಂತೈತಿ?’

ಒಮ್ಮೆ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಅನಿಲ ತುಂಬುವ ಟ್ಯಾಂಕ್ ಕಟ್ಟುವ ಕೆಲಸ ಬಂತು. ಅದರ ಬಾಯಿಗೆ ಬೆಸೆಯುವ ಫ್ಲ್ಯಾಂಜ್ ಎಂಬ ದಪ್ಪ ಬಳೆಗಳಿಗೆ ನನ್ನ ಮೊದಲ ಸಹಿ ಬೀಳಬೇಕಿತ್ತು. ಕಾಗದದಲ್ಲಿ ಉಕ್ಕಿನ ಬಲ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಪೆನ್ನು ತೆಗೆದೆ.

‘ಥಂಡ್ಯಾಗ ಏನಂತೈತ್ರಿ ಮೇಡಂ?’

ಥಂಡಿಯಲ್ಲಿ ಹೊಡೆತ ತಡೆಯುವ ಪರೀಕ್ಷೆಯ ಸಾಲೇ ಕಾಗದದಲ್ಲಿ ಇರಲಿಲ್ಲ. ‘ಭಾಳ ಗಟ್ಟಿ ಐತ್ರಿ ಕಾಕಾ’ ಎಂದೆ.

‘ಗಾಜೂ ಗಟ್ಟಿನ ಐತ್ರಿ. ಕೆಡವಿ ನೋಡ್ರಿ.’

ಒಂದು ಬಳೆಯಿಂದ ತುಂಡು ಕೊಯ್ಯಿಸಿ ಪ್ರಯೋಗಾಲಯಕ್ಕೆ ಒಯ್ದೆವು. ಅಷ್ಟೇ ಥಂಡಿಯಲ್ಲಿಟ್ಟು ಯಂತ್ರದ ಸುತ್ತಿಗೆಯಿಂದ ಹೊಡೆದರೆ ಅದು ಬಾಗಲೇ ಇಲ್ಲ; ಪಟ್ಟನೆ ಎರಡಾಯಿತು. ನಾನು ಸಹಿ ಹಾಕಿದ್ದರೆ ಟ್ಯಾಂಕಿನ ಬಾಯಿಯೇ ಸೀಳಿಹೋಗಬಹುದಿತ್ತು. ಹಿರಿಯರು ಕೈಗೆ ಹತ್ತಿದ ಸೀಮೆಸುಣ್ಣ ಒರೆಸಿಕೊಂಡರು.

ಬೇರೆ ಬಳೆಗಳು ಬಂದವು. ಅವು ಥಂಡಿ ಪರೀಕ್ಷೆ ಗೆದ್ದ ಪ್ರಮಾಣಪತ್ರವನ್ನು ಹಿರಿಯರು ನನ್ನ ಕೈಗಿಟ್ಟು, ‘ಈಗ ಹಾಕ್ರಿ’ ಎಂದರು.

ಆ ಸಹಿಯ ಫೋಟೋವನ್ನು ಮಾವನಿಗೆ ತೋರಿಸಿದೆ.

‘ಕಬ್ಬಿಣಕ್ಕೂ ಪರೀಕ್ಷಾ ಐತೇನವಾ?’

‘ಹೂಂ ಮಾವಾ. ಹೊಡತ ತಿಂದ್ರೂ ಜಲ್ದಿ ಮುರೀಬಾರ್ದು.’

ಮಾವ ಫೋಟೋ ನೋಡುತ್ತಲೇ ಇದ್ದರು. ‘ಹಂಗಾರ ನಿನ್ನಂಗ ಐತಿ ಅನ್ನು.’