ನನ್ನ ಹಳೇ ಹೆಸರಿನ ಗಾಡಿ

ಗಾಡಿ ಹೊಡೆಯೋವ್ರು ನಮ್ಮನಿಯವರು, ಗಾಡಿ ಮಾತ್ರ ನನ್ನ ಹೆಸರಿಲೆ. ಇದನ್ನ ಪುಣೆದಾಗ ಯಾರಿಗೆ ಹೇಳಿದ್ರೂ ನಗ್ತಿದ್ರು. ನಗೋದು ಏನಿತ್ತು ಅದರಾಗ? ತೊಂಬತ್ತೇಳರಾಗ ನನ್ನ ಲಗ್ನ ಗೊತ್ತಾದಾಗ, ಅಳಿಯಗ ಮೋಟರ್‌ಸೈಕಲ್ ಕೊಡಬೇಕಂತ ನಮ್ಮಪ್ಪ ಧಾರವಾಡದಾಗ ಗಾಡಿ ಬುಕ್ ಮಾಡಿದ್ರು. ಆದ್ರ ನಮ್ಮಪ್ಪ ಜೋಯಿಸರನ್ನ ಕೇಳದ ಒಂದು ಬಕೆಟ್ಟೂ ಕೊಳ್ಳೋವ್ರಲ್ಲ. ಜೋಯಿಸರು ಇಬ್ಬರ ಕುಂಡಲಿನೂ ಮುಂದಿಟಗೊಂಡು, ಹುಡುಗನ ಜಾತಕದಾಗ ವಾಹನಯೋಗ ಇಲ್ಲ, ಹುಡುಗೀದು ಭಾಳ ಛಲೋ ಅದ, ಗಾಡಿ ಆಕಿ ಹೆಸರಿಲೆ ಆಗಲಿ ಅಂದ್ರು. ಆತು. ಸೈಕಲ್ ಸುದ್ಧಾ ಹೊಡೀಲಿಕ್ಕೆ ಬರದ ನಾನು, ಲಗ್ನಕ್ಕ ಹದಿನೈದು ದಿನ ಮೊದಲ ಒಂದು ಮೋಟರ್‌ಸೈಕಲ್ಲಿನ ಮಾಲಕಳಾದೆ.

ಮುಂದ ಲಗ್ನದ ದಿನ ನನ್ನ ಹೆಸರು ಬದಲು ಮಾಡಿದ್ರು. ನಮ್ಮ ಕಡೆ ಪದ್ಧತಿ ಅದ. ತಾಟಿನ್ಯಾಗ ಅಕ್ಕಿ ಹರವಿ, ಗಂಡ ಉಂಗುರದ ತುದೀಲೆ ಅದರಾಗ ಹೊಸಾ ಹೆಸರು ಬರೀತಾನ, ಎಲ್ಲಾರಿಗೂ ಸಕ್ಕರಿ ಹಂಚ್ತಾರ, ಹಳೇ ಹೆಸರು ಅಲ್ಲಿಗೇ ಮುಗೀತು. ಅತ್ತಿ ಮನ್ಯಾಗ ಆ ಹೆಸರು ಹಿಡಿದು ನನ್ನನ್ನ ಯಾರೂ ಒಮ್ಮಿ ಸುದ್ಧಾ ಕರೀಲಿಲ್ಲ. ರೇಶನ್ ಕಾರ್ಡು, ಬ್ಯಾಂಕಿನ ಖಾತೆ, ಮಾರ್ಕೆಟ್ ಯಾರ್ಡಿನ ಬೆಲ್ಲದ ದಲಾಲಿ ಅಂಗಡ್ಯಾಗ ಬಿಲ್ಲು ಬರೆಯೋ ನನ್ನ ನೌಕರಿ, ಎಲ್ಲಾ ಹೊಸಾ ಹೆಸರಿಲೆ. ಗಾಡಿ ಒಂದು ಹಳೇ ಹೆಸರಿನ್ಯಾಗ ಉಳೀತು. ಅದರ ಇನ್ಶೂರೆನ್ಸನ್ನೂ ವರ್ಷಾ ವರ್ಷಾ ಅದೇ ಹೆಸರಿಗೆ ತುಂಬಕೋತ ಬಂದ್ವಿ. ಬದಲು ಮಾಡಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ. ಇಬ್ಬರೂ ಕಲತವರು, ಅದರಾಗ ನಾನಂತೂ ದಿನಾ ಕಾಗದಪತ್ರದಾಗ ಮುಳುಗಿ ಏಳೋವಾಕಿ.

ನಮ್ಮನಿಯವರು ಕುರಕುಂಭದ ಒಂದು ಕೆಮಿಕಲ್ ಫ್ಯಾಕ್ಟರ್ಯಾಗ ಇದ್ರು. ಪುಣೆದ ಹಡಪಸರದಾಗಿನ ನಮ್ಮ ಮನೀ ಹತ್ರಾನೇ ಕಂಪನಿ ಬಸ್ಸು ಬರ್ತಿತ್ತು, ಆದ್ರ ನಸುಕಿನ ಐದಕ್ಕ. ಇವರಿಗೆ ಐದರ ನಂತರದ ಅರ್ಧಾ ತಾಸಿನ ನಿದ್ದಿ ಭಾಳ ಸವಿ. ಹಿಂಗಾಗಿ ವಾರದಾಗ ಎರಡು ಮೂರು ದಿನ ಬಸ್ಸು ತಪ್ಪಿಸಿಕೊಂಡು, ಸೊಲ್ಲಾಪುರ ರಸ್ತೆ ಹಿಡಿದು ಅರವತ್ತು ಕಿಲೋಮೀಟರ್ ದೂರ ಗಾಡಿ ಮ್ಯಾಲ ಹೋಗ್ತಿದ್ರು. ಎರಡು ಸಾವಿರದ ಒಂದನೇ ಇಸವಿ ಡಿಸೆಂಬರಿನ್ಯಾಗ ಒಂದು ಮುಂಜಾನೆ, ಮಂಜಿನ್ಯಾಗ, ಕಬ್ಬು ತುಂಬಿದ ಟ್ರಾಲಿ ಒಂದು ಹಿಂದ ದೀಪಾ ಇಲ್ಲದ ರಸ್ತೇದ ಮ್ಯಾಲ ನಿಂತಿತ್ತು. ಇವರು ಹೋಗಿ ಅದರ ಬೆನ್ನಿಗೆ ಹೊಡದ್ರು. ಬಲಗಾಲು ಎರಡು ಕಡೆ ಮುರೀತು, ಜೀವ ಉಳೀತು. ನನಗ ಸುದ್ದಿ ಬಂದಾಗ ಅಂಗಡ್ಯಾಗ ಬಿಲ್ಲು ಬರೀಲಿಕತ್ತಿದ್ದೆ, ಆ ಫೋನು ನಾನೇ ಎತ್ತಿದ್ದೆ. ಅಲ್ಲಿಂದ ದವಾಖಾನಿಗೆ ಹೆಂಗ ಹೋಗಿ ಮುಟ್ಟಿದೆ ಅನ್ನೋದು ಇವತ್ತಿಗೂ ನೆನಪಿಲ್ಲ.

ಗಾಡೀನ ತಂದು ಹಡಪಸರದ ಗ್ಯಾರೇಜಿನ್ಯಾಗ ಒಗದ್ರು. ಇನ್ಶೂರೆನ್ಸಿನ ಸರ್ವೇಯರ್ ಬಂದು ಅದರ ಸುತ್ತ ಎರಡು ಸುತ್ತು ಹಾಕಿ, ರಿಪೇರಿ ಖರ್ಚು ಗಾಡಿ ಕಿಮ್ಮತ್ತಿಗಿಂತ ಹೆಚ್ಚಾಗ್ತದ, ಇದು ಟೋಟಲ್ ಲಾಸ್ ಅಂತ ಬರದು ಹೋದ. ಅಂದ್ರ ಮುರದ ಗಾಡಿ ಅವರಿಗೆ, ರೊಕ್ಕ ನಮಗ. ಹೋತಲ್ಲ ಪೀಡಾ ಅಂತ ನಾ ಒಳಗೊಳಗ ಖುಷಿ ಪಟ್ಟೆ. ಆ ಖುಷಿ ಒಂದು ದಿನಾನೂ ಬಾಳಲಿಲ್ಲ. ನೋಡ್ಲಿಕ್ಕೆ ಬಂದವರೆಲ್ಲಾ ಕಾಲು ಹೆಂಗದ ಅಂತ ಕೇಳಿದ ಮ್ಯಾಲ ಕೇಳೋದು ಒಂದೇ ಮಾತು: "ಕ್ಲೇಮ್ ಬಂದ ಮ್ಯಾಲ ಯಾವ ಗಾಡಿ ತಗೋತೀರಿ?" ಇವರು ಪ್ಲಾಸ್ಟರ್ ಕಾಲು ದಿಂಬಿನ ಮ್ಯಾಲ ಇಟಗೊಂಡು, "ನೋಡೂಣು, ಮೊದಲ ಕ್ಲೇಮ್ ಬರಲಿ" ಅಂತಿದ್ರು. ಧಾರವಾಡದಿಂದ ಅಪ್ಪನ ಫೋನು: "ರೊಕ್ಕ ಬಂದ ಕೂಡ್ಲೆ ಹೊಸಾದು ತಗೊಳ್ರಿ, ಕಡಿಮಿ ಬಿದ್ರ ನಾ ಹಾಕ್ತೀನಿ." ಅದಕ್ಕೂ ಇವರು "ಹೂಂ" ಅಂದ್ರು. ಆ ಹೂಂ ಕೇಳಿದಾಗೊಮ್ಮೆ ನಾ ಎದ್ದು ಅಡಿಗಿ ಮನಿಗೆ ಹೋಗ್ತಿದ್ದೆ.

ನನಗ ಬೇಕಾದ್ದು ಒಂದೇ. ಈ ಮನಶಾ ಮತ್ತ ಗಾಡಿ ಮ್ಯಾಲ ಕೂಡಬಾರದು. ಬೇರೆ ಏನೂ ಬ್ಯಾಡ. ಆದ್ರ ಬಾಯಿ ಬರಲಿಲ್ಲ. ಕಾಲು ಮುರಕೊಂಡು ಮಲಗಿದ ಗಂಡಸು, ಹೊಸಾ ಗಾಡಿ ಅನ್ನೋ ಒಂದು ಆಶಾದ ಮ್ಯಾಲ ದಿನಾ ನೂಕಲಿಕತ್ತಾನ, ಅದನ್ನೂ ನಾ ಯಾಕ ಕಸಗೊಳ್ಳಲಿ ಅಂತ ಅನಸ್ತಿತ್ತು. ಹೇಳಿದ್ರ ಕಷ್ಟ, ಹೇಳದಿದ್ರ ನಾ ಸಾಯ್ತೀನಿ. ಪುಣೆದಾಗ ಗಾಡಿ ಸಪ್ಪಳ ತಪ್ಪಿಸಿಕೊಂಡು ಎಲ್ಲಿ ಹೋಗ್ತೀರಿ? ಮನೀಗೆರಡು ಗಾಡಿ ಇರೋ ಊರು ಅದು. ಯಾವನರೆ ಓಣ್ಯಾಗ ಜೋರಾಗಿ ಬ್ರೇಕ್ ಹಾಕಿದ್ರ ಸಾಕು, ಒಲಿ ಮ್ಯಾಲಿನ ಹಾಲು ಬಿಟ್ಟು ಗ್ಯಾಲರಿಗೆ ಓಡ್ತಿದ್ದೆ. ಇವರು ಒಳಗ ಮಂಚದ ಮ್ಯಾಲ ಇದ್ದಾರಂತ ಗೊತ್ತಿದ್ರೂ ಓಡ್ತಿದ್ದೆ. ಹುಚ್ಚು ಅನ್ರಿ ಬೇಕಾದ್ರ.

ಇನ್ಶೂರೆನ್ಸ್ ಆಫೀಸು ಪುಣೆದ ಕ್ಯಾಂಪ್ ಅನ್ನೋ ಭಾಗದಾಗ, ಒಂದು ಹಳೇ ಕಟ್ಟಡದ ಎರಡನೇ ಮಜಲಿಗೆ, ಕಟಿಗೀ ಪಾವಟಿಗಿ ಹತ್ತಿ ಹೋಗಬೇಕು. ಅಲ್ಲಿಯ ಸಾಹೇಬ್ರು ಮರಾಠಿಯವರು, ವಯಸ್ಸಾದವರು, ಕೆಟ್ಟವರಲ್ಲ. ಮೊದಲನೇ ಸಲ ಫಾರ್ಮಿನ ಮ್ಯಾಲ ಇವರ ಸಹಿ ನೋಡಿ, ಗಾಡಿ ಇವರದಲ್ಲ, ಮಾಲಕರ ಸಹಿ ಬೇಕು ಅಂತ ತಿರುಗಿ ಕೊಟ್ರು. ಎರಡನೇ ಸಲ ನಾನು ಸಹಿ ಮಾಡಿ ಒಯ್ದೆ. ಸಾಹೇಬ್ರು ಆರ್.ಸಿ. ಬುಕ್ಕಿನ್ಯಾಗಿನ ಹೆಸರಿನ ಮ್ಯಾಲ ಬೆರಳಿಟ್ಟು, "ಹೇ ಕೋಣ?" ಅಂದ್ರು. ಇದು ಯಾರು ಅಂತ.

"ನಾನೇ," ಅಂದೆ.

"ಮತ್ತ ಇದು?" ಅಂತ ನನ್ನ ಸಹಿ ತೋರಿಸಿದ್ರು.

"ಅದೂ ನಾನೇ."

ಚಷ್ಮಾ ತಗದು ನನ್ನ ಮುಖಾ ನೋಡಿದ್ರು. ಲಗ್ನದಾಗ ಹೆಸರು ಬದಲು ಮಾಡೋದು ಮರಾಠಿ ಮಂದಿಗೇನು ಗೊತ್ತಿಲ್ಲದ್ದಲ್ಲ, ಅವರ ಹೆಂಡತೀದೂ ಬದಲಾಗಿತ್ತಂತ. "ತಾಈ, ನಾ ನಂಬತೀನಿ. ಫೈಲು ನಂಬಬೇಕಲ್ಲ?" ಅಂದ್ರು. ತಾಈ ಅಂದ್ರ ಮರಾಠಿಯೊಳಗ ಅಕ್ಕಾ. ಏನರೆ ಪುರಾವೆ ಕೊಡ್ರಿ ಅಂದ್ರು. ನಮ್ಮ ಲಗ್ನ ಎಲ್ಲೂ ರಜಿಸ್ಟರ್ ಮಾಡಿಸಿರಲಿಲ್ಲ. ಮರುದಿನ ಲಗ್ನಪತ್ರಿಕಾ ಒಯ್ದೆ. ಅದು ಕನ್ನಡದಾಗ, ನಾನೇ ಓದಿ ಮರಾಠಿಯೊಳಗ ಹೇಳಿದೆ. ಹಳೇ ಹೆಸರೇನೋ ಅದರಾಗ ಇತ್ತು. ಹೊಸಾದು ಹೆಂಗ ಇದ್ದೀತು? ಪತ್ರಿಕಾ ಛಾಪಿಸಿದಾಗ ಅದು ಹುಟ್ಟೇ ಇರಲಿಲ್ಲ. ಹೊಸಾ ಹೆಸರು ಬರದದ್ದು ಅಕ್ಕಿ ತಾಟಿನ್ಯಾಗ, ಆ ಅಕ್ಕಿ ಅನ್ನ ಆಗಿ ನಾಕು ವರ್ಷ ಆಗಿತ್ತು. ಸಾಹೇಬ್ರು ನಕ್ಕು, ಎರಡೂ ಹೆಸರು ಒಬ್ಬಾಕೀವ ಅಂತ ಸ್ಟ್ಯಾಂಪ್ ಪೇಪರಿನ ಮ್ಯಾಲ ಅಫಿಡವಿಟ್ ಮಾಡಿಸಿಕೊಂಡು ಬರ್ರಿ, ಹದಿನೈದು ದಿನದಾಗ ಚೆಕ್ ಕೊಡ್ತೀವಿ ಅಂದ್ರು.

ಅಂಗಡ್ಯಾಗ ಅರ್ಧಾ ದಿನದ ಸೂಟಿ ಹಾಕಿ ಶಿವಾಜಿನಗರ ಕೋರ್ಟಿನ ಹೊರಗ ಅಫಿಡವಿಟ್ ಟೈಪ್ ಮಾಡಿಸಿದೆ. ನೋಟರಿ ವಕೀಲರು ಎರಡೂ ಹೆಸರಿನ ಸಹಿ ಮಾಡ್ರಿ ಅಂದ್ರು. ಹೊಸಾದು ಸರ್ರನೆ ಬಂತು. ಹಳೇದಕ್ಕ ಕೈ ನಿಂತುಬಿಡ್ತು. ಕಾಲೇಜಿನ್ಯಾಗ ನೂರು ಸಲ ಮಾಡಿದ ಸಹಿ, ಮೊದಲನೇ ಅಕ್ಷರದ ಸುತ್ತು ಎಡಕ್ಕೋ ಬಲಕ್ಕೋ ನೆನಪಾಗವಲ್ದು. ಹೆಂಗೋ ಒಂದು ಗೀಚಿದೆ. ಕಾಗದಾ ಪರ್ಸಿನ್ಯಾಗ ಇಟಗೊಂಡು ಕ್ಯಾಂಪಿನ ಬಸ್ಸು ಹತ್ತಿದೆ. ಇದನ್ನ ಕೊಟ್ರ ಚೆಕ್ ಬರ್ತದ, ಚೆಕ್ ಬಂದ್ರ ಗಾಡಿ ಬರ್ತದ, ಗಾಡಿ ಬಂದ್ರ ಮತ್ತ ಅದೇ ರಸ್ತೆ, ಅದೇ ಮಂಜು. ದಾರಿ ತುಂಬಾ ಇದೇ ತಲ್ಯಾಗ. ಬಸ್ಸು ಕ್ಯಾಂಪಿನ ಸ್ಟಾಪಿಗೆ ಬಂದು ನಿಂತಿತು. ನಾ ಏಳಲಿಲ್ಲ. ಕೂತಲ್ಲೇ ಕೂತು ಕಡೀ ಸ್ಟಾಪಿನ ತನಕಾ ಹೋದೆ, ಅಲ್ಲಿಂದ ಬ್ಯಾರೆ ಬಸ್ಸು ಹಿಡಿದು ಮನೀಗೆ ಬಂದು, "ಸಾಹೇಬ್ರು ಇರಲಿಲ್ಲ" ಅಂದೆ.

ಇವರು "ಹೌದಾ" ಅಂದು ಮಗ್ಗಲಾ ಬದಲಿಸಿದ್ರು.

ಒಂದು ಸುಳ್ಳು ಹೇಳೋದು ಕಷ್ಟ, ಹೇಳಿದ ಮ್ಯಾಲ ನಾಲಿಗಿ ತಾನೇ ಹೊರಳ್ತದ. ಒಂದಿನ ಸಾಹೇಬ್ರು ರಜಾ. ಒಂದಿನ ಮೀಟಿಂಗ್. ಒಂದಿನ ಫೈಲು ಮುಂಬೈಗೆ ಹೋಗ್ಯದ. ಅಂಗಡ್ಯಾಗ ಸೂಟಿ ಕೇಳಿ ಕ್ಯಾಂಪಿಗೇ ಹೋಗ್ತಿದ್ದೆ, ಅಂದ್ರ ಪೂರ್ತಿ ಸುಳ್ಳು ಆಗಬಾರದಲ್ಲ! ಆ ಕಟ್ಟಡದ ಎದುರಿಗೆ ನಿಲ್ಲತಿದ್ದೆ, ಮ್ಯಾಲೆ ಹತ್ತತಿರಲಿಲ್ಲ. ಒಂದು ತಾಸು ಅರಿವಿ ಅಂಗಡಿ ಮುಂದ, ಒಂದು ತಾಸು ಬ್ರೆಡ್ಡಿನ ಅಂಗಡಿ ಮುಂದ ಅಡ್ಡಾಡಿ, ಚಹಾ ಸುದ್ಧಾ ಕುಡೀದ ತಿರುಗಿ ಬರ್ತಿದ್ದೆ. ಒಂದ್ಸಲ ಆ ಸಾಹೇಬ್ರೇ ಊಟಕ್ಕ ಕೆಳಗ ಇಳದು ಬಂದ್ರು. ಕಳ್ಳಿಯಂಗ ಸೆರಗು ಮುಖಕ್ಕ ಎಳಕೊಂಡು ಗೋಡಿ ಕಡೆ ತಿರುಗಿ ನಿಂತೆ. ಅವರು ಹೋದ ಮ್ಯಾಲ ನನಗ ನನ್ನ ಮ್ಯಾಲೇ ಹೇಸಿಗಿ ಬಂತು. ಮನ್ಯಾಗ ಕಾಲು ಕಟಗೊಂಡು ಕೂತ ಗಂಡಗ ದಿನಾ ಮೋಸ ಮಾಡಲಿಕತ್ತೇನಿ, ಆತ ಒಂದು ದಿನಾ ತಿರುಗಿ ಕೇಳಲಿಲ್ಲ, ಫೋನ್ ಮಾಡಿ ನೋಡ್ಲೇನು ಅನ್ನಲಿಲ್ಲ. ಯಾಕ ಕೇಳವಲ್ರು ಅಂತ ಅದಕ್ಕೂ ಸಿಟ್ಟು ಬರ್ತಿತ್ತು. ಅನ್ನ ಬಡಿಸೋವಾಗ ಸೌಟು ತಾಟಿಗೆ ಠಣ್ ಅಂತ ಬಡೀತಿದ್ದೆ.

ನಡುವ ಅಪ್ಪ ಫೋನ್ ಮಾಡಿ, ಇಷ್ಟ್ ತಡಾ ಯಾಕ, ನಾನೇ ಬಂದು ಆಫೀಸಿನ್ಯಾಗ ಮಾತಾಡ್ತೀನಿ ಅಂದ್ರು. ಬ್ಯಾಡಪ್ಪಾ, ಇನ್ನೇನು ಆಗೇ ಬಿಡ್ತದ ಅಂತ ಹೇಳಿ ಫೋನ್ ಇಟ್ಟೆ. ಇವರು ಮಂಚದ ಮ್ಯಾಲಿಂದ ನೋಡಲಿಕತ್ತಿದ್ರು. ಮರುದಿನ ಮುಂಜಾನೆ ನಾ ಡಬ್ಬಿ ಕಟಗೊಳ್ಳೋವಾಗ ಊರುಗೋಲು ತಗೊಂಡು ಬಾಗಲದಾಗ ನಿಂತಿದ್ರು, ಅಂಗಿ ಹಾಕ್ಕೊಂಡು. "ಇವತ್ತ ನಾನೂ ಬರ್ತೀನಿ," ಅಂದ್ರು.

"ನೀವ್ಯಾಕ್ರೀ? ಅಲ್ಲಿ ಪಾವಟಿಗಿ ಭಾಳ ಅವ."

"ಹತ್ತತೀನಿ."

ರಿಕ್ಷಾ ಹಿಡಿದು ಹೊಂಟ್ವಿ. ಪರ್ಸು ತೊಡಿ ಮ್ಯಾಲ ಇಟಗೊಂಡು ಎರಡೂ ಕೈಲೆ ಒತ್ತಿ ಹಿಡಿದಿದ್ದೆ. ಕಟಿಗೀ ಪಾವಟಿಗಿ ಒಂದೊಂದೇ ಹತ್ತಿದ್ರು, ಮುಖದ ಮ್ಯಾಲ ಬೆವರು. ನಾ ಹಿಂದ, ಬಿದ್ರ ಹಿಡೀಬೇಕಂತ ಕೈ ಚಾಚಿಕೊಂಡು. ನಡುವ ಒಮ್ಮಿ, ಎಲ್ಲಾ ಇಲ್ಲೇ ಹೇಳಿ ಕೆಳಗ ಕರಕೊಂಡು ಹೋಗಿಬಿಡ್ಲ್ಯಾ ಅನಿಸ್ತು. ಹೇಳಲಿಲ್ಲ. ಬಾಗಲದಾಗ ನಮ್ಮನ್ನ ಕಂಡ ಕೂಡ್ಲೆ ಸಾಹೇಬ್ರು ಎದ್ದು ಬಂದು ಇವರಿಗೆ ಖುರ್ಚಿ ಎಳದು ಕೊಟ್ಟು, ನನ್ನ ಕಡೆ ತಿರುಗಿ, "ಅರೇ ತಾಈ, ಎಲ್ಲಿ ಮಾಯ ಆಗಿದ್ರಿ? ಮೂರು ವಾರ ಆತು, ನಾ ದಿನಾ ಇಲ್ಲೇ ಇದ್ದೇನಿ. ಆ ಅಫಿಡವಿಟ್ ಒಂದು ಬಂದಿದ್ರ ನಿಮ್ಮ ಚೆಕ್ ಯಾವಾಗೋ ತಯಾರಾಗ್ತಿತ್ತು," ಅಂದ್ರು.

ಇವರಿಗೆ ಮರಾಠಿ ನನ್ನಕಿಂತಾ ಛಲೋ ಬರ್ತದ.

ಭೂಮಿ ಬಾಯಿ ತೆರೀಬಾರದ ಅನಿಸ್ತು. ಪರ್ಸು ತಗದು, ನಾಕು ಮಡಿಕಿ ಆದ ಆ ಕಾಗದಾ ಮೇಜಿನ ಮ್ಯಾಲ ಇಟ್ಟೆ. ಸಾಹೇಬ್ರಕಿಂತಾ ಮೊದಲ ಇವರು ಅದನ್ನ ಎತ್ತಿ ಬಿಡಿಸಿ ನೋಡಿದ್ರು. ಕೆಳಗ ವಕೀಲರ ಶಿಕ್ಕಾ, ಶಿಕ್ಕಾದ ಮ್ಯಾಲ ತಾರೀಖು. ಅದನ್ನ ಓದಿ ಸಾಹೇಬ್ರ ಕೈಯಾಗ ಕೊಟ್ರು. "ಗಾಡಿ ಮಾಲಕಳು ಇವರೇ ಹೌದಲ್ಲ?" ಅಂತ ಸಾಹೇಬ್ರು ಸುಮ್ಮ ಚ್ಯಾಷ್ಟಿಗೆ ಕೇಳಿದ್ರ, "ಹೌದ್ರಿ, ಇಕಿನೇ," ಅಂದ್ರು. ಅಷ್ಟೇ. ನನ್ನ ಕಡೆ ನೋಡಲಿಲ್ಲ.

ಕೆಳಗ ಇಳದು ಬಂದು ಒಂದು ಮುಚ್ಚಿದ ಅಂಗಡಿ ಕಟ್ಟಿ ಮ್ಯಾಲ ಕೂತ್ರು. ಕಾಲು ಮುಂದ ಚಾಚಿ, ಊರುಗೋಲು ಬದಿಗಿಟ್ಟು, "ಎಷ್ಟು ದಿನಾ ಆತು ಅದನ್ನ ಮಾಡಿಸಿ?" ಅಂದ್ರು.

"ಇಪ್ಪತ್ತೆರಡು," ಅಂದೆ. ಅಷ್ಟು ಅನ್ನೋದರಾಗ ನನಗ ಅಳು ಒಡದು ಬಂತು. "ನನಗ ಬ್ಯಾಡ್ರೀ. ನೀವು ಮತ್ತ ಗಾಡಿ ತಗೊಳ್ಳೋದು ನನಗ ಬ್ಯಾಡ. ಬೈರಿ ಬೇಕಾದ್ರ, ನಮ್ಮಪ್ಪಗ ಹೇಳ್ರಿ, ಊರಿಗೆಲ್ಲಾ ಹೇಳ್ರಿ. ನಾ ಇನ್ನೊಮ್ಮೆ ಆ ಫೋನು ಎತ್ತಂಗಿಲ್ಲ. ನನ್ನ ಕಡಿಂದ ಆಗಂಗಿಲ್ಲ." ರಸ್ತೇದಾಗ ಹೋಗವರು ನಿಂತು ನೋಡಲಿಕತ್ತಿದ್ರು. ನೋಡಲಿ ಅಂತ ಅಳಕೋತ ನಿಂತೆ.

ಇವರು ಬಗ್ಗಿ ಪ್ಲಾಸ್ಟರಿನ ಮ್ಯಾಲಿನ ಧೂಳಾ ಜಾಡಿಸಿದ್ರು. ಆಮ್ಯಾಲ ಮೆಲ್ಲಕ, "ನನ್ನ ಕಡಿಂದನೂ ಆಗಂಗಿಲ್ಲ," ಅಂದ್ರು.

"ಏನು?"

"ಗಾಡಿ ಮ್ಯಾಲ ಕೂಡೋದು. ಓಣ್ಯಾಗ ಯಾರರೆ ಕಿಕ್ ಹೊಡದ್ರ ನನ್ನ ಅಂಗೈ ಬೆವರ್ತಾವ. ನಿಮ್ಮಪ್ಪ ಅಷ್ಟು ಹೌಸೀಲೆ ಕೊಟ್ಟಿದ್ದು, ಬ್ಯಾಡ ಅಂತ ಹೆಂಗ ಅನ್ನಲಿ? ಅಂಜಿಕಿ ಬರ್ತದ ಅಂತ ಯಾರ ಮುಂದ ಹೇಳ್ಲಿ? ಸಾಹೇಬ್ರು ಇರಲಿಲ್ಲ ಅಂತ ನೀ ಬಂದು ಹೇಳ್ತಿದ್ದೆಲ್ಲ, ಅವತ್ತೊಂದಿನ ನನಗ ನಿದ್ದಿ ಹತ್ತತಿತ್ತು."

"ಮತ್ತ ಇವತ್ತ ಯಾಕ ಬಂದ್ರಿ?"

"ನನ್ನ ಸಲುವಾಗಿ ಬಿಸಲಾಗ ಅಡ್ಡಾಡಿ ಅಡ್ಡಾಡಿ ನೀ ಅರ್ಧಾ ಆಗೀದಿ. ಅದನ್ನ ನೋಡ್ಲಿಕ್ಕಾಗಲಿಲ್ಲ."

ಅಳು ಅಲ್ಲೇ ನಿಂತು ಸಿಟ್ಟು ಏರಿತು. ಇಪ್ಪತ್ತೆರಡು ದಿನ ನಾ ಸತ್ತು ಸತ್ತು ಬದುಕಿದ್ದು, ಕಳ್ಳಿಯಂಗ ಗೋಡಿಗೆ ಮುಖಾ ಮಾಡಿ ನಿಂತದ್ದು, ಎಲ್ಲಾ ಒಮ್ಮೆಲೇ ನೆತ್ತಿಗೆ ಬಂತು. "ಅಲ್ರೀ, ಇಷ್ಟು ದಿನಾ ಮನ್ಯಾಗ ಕೂತು ಒಂದು ಮಾತು ಬಾಯಿಬಿಟ್ಟು ಹೇಳ್ಲಿಕ್ಕೆ ನಿಮಗ ಏನಾಗಿತ್ತು?" ಅಂತ ಆ ನಡು ರಸ್ತೇದಾಗೇ ಜಗಳಕ್ಕ ನಿಂತೆ.

ಇವರು ತಲೀ ಎತ್ತಿ ನನ್ನ ನೋಡಿದ್ರು.

"ನೀ ಹೇಳಿದ್ಯಾ?" ಅಂದ್ರು.