ಮೂರನೆಯ ವಕ್ತೃ

ನನ್ನ ನೆಗೆಣ್ಣಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವ ಚಾಳಿ ನನಗಿಲ್ಲ. ಅವಳು ನನ್ನ ಮೈದುನನ ಹೆಂಡತಿ, ನರಗುಂದದ ಹುಡುಗಿ, ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಗಜೇಂದ್ರಗಡದಲ್ಲಿ ಒಂದೇ ಮನೆಯಲ್ಲಿದ್ದೇವೆ, ಒಂದೇ ಕಾಲೇಜಿನಲ್ಲಿ ಪಾಠ ಮಾಡುತ್ತೇವೆ, ಒಂದೇ ಸ್ಕೂಟಿಯ ಮೇಲೆ ಹೋಗಿ ಬರುತ್ತೇವೆ. ನಾನು ಇತಿಹಾಸ, ಅವಳು ರಸಾಯನಶಾಸ್ತ್ರ. ಒಲೆ ಒಂದೇ, ಅತ್ತೆಯೂ ಒಬ್ಬರೇ. ಹೊಟ್ಟೆಕಿಚ್ಚಿಗೆ ಇನ್ನೇನು ಬೇಕು?

ಅವಳು ಬರುವ ಮೊದಲು ಈ ಮನೆಯಲ್ಲಿ ಸಂಶೋಧನೆ ಮಾಡುವವಳು ಅಂದರೆ ನಾನೊಬ್ಬಳೇ. ನೇಕಾರ ಹೆಂಗಸರ ಬದುಕಿನ ಬಗ್ಗೆ ಆರು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದೇನೆ. ಮೂರು ಅಧ್ಯಾಯ ಮುಗಿದವು. ನಾಲ್ಕನೆಯದು ಆ ಹೆಂಗಸರ ಬಾಯಿಂದಲೇ ಬರಬೇಕಾದ ಅಧ್ಯಾಯ, ಅದೇ ಕೈಗೆ ಹತ್ತಲಿಲ್ಲ. ಮಾರ್ಗದರ್ಶಕರು ಎರಡು ಸಲ ತಿರುಗಿ ಕಳಿಸಿದರು. "ಮೇಡಂ, ಇದರಾಗ ಪುಸ್ತಕ ಅದಾವ, ತಖ್ತೆ ಅದಾವ, ಹೆಂಗಸರಷ್ಟ ಇಲ್ರಿ," ಎಂದರು. ಜೂನ್ ಒಳಗೆ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದು. ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಹೆಂಗಸರು ಎಲ್ಲೋ ದೂರ ಇದ್ದರೆ ಬೇರೆ ಮಾತು. ನಮ್ಮ ಪಡಸಾಲೆಯಲ್ಲೇ ಇದ್ದರು. ಓಣಿಯಲ್ಲಿ ಇನ್ನೂ ಮಗ್ಗ ನಡೆಸುವವರ ಮನೆಯ ಕೆಚ್ಚುವ ಕೆಲಸ ನಮ್ಮತ್ತೆಯದು. ಒಂದು ಹಾಸು, ಅಂದರೆ ಮಗ್ಗಕ್ಕೆ ಹೂಡಿದ ಉದ್ದೆಳೆ, ನೇಯ್ದು ಮುಗಿದಾಗ ಹಳೆಯ ಎಳೆಗಳನ್ನು ಪೂರ್ತಿ ಕಿತ್ತು ಒಗೆಯುವುದಿಲ್ಲ. ಅವುಗಳ ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಎಳೆಯನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಾರೆ, ಅದೇ ಕೆಚ್ಚುವುದು. ಸಾವಿರಾರು ಎಳೆ. ಓಣಿಯವರು ಹಣಿಗೆಯನ್ನು ಎಳೆ ಸಮೇತ ತಂದು ಅತ್ತೆಯ ಮುಂದೆ ಇಟ್ಟು ಹೋಗುತ್ತಾರೆ. ಅತ್ತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆಂದರೆ ಮುಗಿಯಿತು, ಏಳುವುದು ಊಟಕ್ಕೇ. ಬೂದಿ ಇಲ್ಲದಿದ್ದರೆ ಎಳೆ ಜಾರುತ್ತದೆ.

ಆ ಬೂದಿಗೈಯಿಂದ ಅಕ್ಷರವಿದ್ದ ಕಾಗದ ಮುಟ್ಟಬಾರದೆಂಬುದು ಕೆಚ್ಚುವ ಹೆಂಗಸರ ಕಟ್ಟಳೆ. ಮದುವೆಯ ಕಾರ್ಡ್ ಬರಲಿ, ಕರೆಂಟಿನ ಬಿಲ್ ಬರಲಿ, "ಕೈ ಬೂದ್ಯಾಗ ಐತಿ, ನೀ ಓದವಾ," ಅನ್ನುವರು. ನಾನು ಓದುವೆ. ಮದುವೆಯಾಗಿ ಬಂದ ಹನ್ನೆರಡು ವರ್ಷವೂ ಈ ಮನೆಯ ಕಾಗದಗಳನ್ನು ಓದಿದವಳು ನಾನೇ. ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಅಂಥ ಅತ್ತೆಯನ್ನು ನಾನು ಸಂದರ್ಶನ ಮಾಡಿದ್ದು ಹೇಗೆ ಅಂತೀರಿ? ಕೆಲಸ ಬಿಡಿಸಿ, ಕೈ ತೊಳೆಸಿ, ಕುರ್ಚಿಯ ಮೇಲೆ ಕೂರಿಸಿ. ದೊಡ್ಡವರು, ನೆಲದ ಮೇಲೆ ಕೂರಿಸಿ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ ಅಂದುಕೊಂಡೆ. ಎದುರಿಗೆ ಮೊಬೈಲಿನ ರೆಕಾರ್ಡರ್ ಇಟ್ಟೆ, ಕೈಯಲ್ಲಿ ನಲವತ್ತೆರಡು ಪ್ರಶ್ನೆಗಳ ಹಾಳೆ. ಮೊದಲ ಪುಟದ ವಯಸ್ಸು, ಕಸುಬು, ವಿದ್ಯೆ ಇತ್ಯಾದಿ ಕಾಲಂಗಳನ್ನು ಕೇಳದೆ ನಾನೇ ತುಂಬಿಕೊಂಡಿದ್ದೆ. ಮನೆಯವರೇ ಅಲ್ಲವೇ, ಕೇಳುವುದೇನಿದೆ. ಅತ್ತೆ ಫೋಟೋ ತೆಗೆಸಿಕೊಳ್ಳುವವರ ಹಾಗೆ ಸೆರಗು ಹೊದ್ದು ನೆಟ್ಟಗೆ ಕೂತರು.

"ಅತ್ತಿ, ನಿಮ್ಮ ದುಡಿಮೆಯ ಅನುಭವ ವಿವರಿಸ್ರಿ."

"ಏನ್ ವಿವರಸೂದು ತಂಗಿ. ಚಲೋ ನೂಲ ಬಂದ್ರ ಆರಾಮ, ಹೊಲಸ ನೂಲ ಬಂದ್ರ ತ್ರಾಸ. ಮುಗೀತಿಲ್ಲೋ?"

ನಲವತ್ತೆರಡಕ್ಕೂ ಇದೇ ಹಣೆಬರಹ. ಹೌದು, ಇಲ್ಲ, ಆತು, ಮುಗೀತಿಲ್ಲೋ. ವರ್ಷಕ್ಕೊಮ್ಮೆ ಹೀಗೆ ಕೂರಿಸಿದೆ, ವರ್ಷಕ್ಕೊಮ್ಮೆ ಹೀಗೇ ಎದ್ದುಹೋದರು. ಇವರಿಗೆ ಹೇಳಲಿಕ್ಕೇ ಬರುವುದಿಲ್ಲ ಎಂದು ತೀರ್ಮಾನಿಸಿ ನಾನು ಬೇರೆ ಓಣಿಗಳನ್ನು ಸುತ್ತಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾನೇ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ, ಲೆಕ್ಕವಿಲ್ಲ.

ಮೂರು ವರ್ಷದ ಹಿಂದೆ ನೆಗೆಣ್ಣಿ ಬಂದಳು. ಬಂದು ವಾರವಾಗಿರಲಿಲ್ಲ, ಅತ್ತೆಯ ಮಗ್ಗುಲಿಗಿದ್ದ ತಗಡಿನ ಡಬ್ಬಿ ಅವಳ ಕಣ್ಣಿಗೆ ಬಿತ್ತು. ಆ ಡಬ್ಬಿಯನ್ನು ವರ್ಷಗಟ್ಟಲೆ ಒರೆಸಿ ಗೂಡಿನಲ್ಲಿ ಇಟ್ಟವಳು ನಾನು. ಒಮ್ಮೆಯೂ ತೆರೆದು ನೋಡಿರಲಿಲ್ಲ.

"ಅತ್ತಿ, ಇದರಾಗೇನೈತ್ರಿ?"

"ಬೂದಿ."

"ಯಾವ ಬೂದಿರಿ?"

"ಸಗಣಿ ಕುಳ್ಳಿಂದು. ಕಟಿಗಿ ಬೂದಿ ಬರಂಗಿಲ್ಲ, ಎಳಿ ಕಡೀತೈತಿ. ಈಗ ಎಲ್ಲಾರ ಮನ್ಯಾಗೂ ಗ್ಯಾಸ ಬಂತು, ಬೂದಿ ಎಲ್ಲಿಂದ ತರಬೇಕು? ಅದಕ್ಕ ಅಸೂಟಿಯಿಂದ ತರಿಸಿ, ಹಳೇ ಧೋತರದಾಗ ಸೋಸಿ ಇಟ್ಟೀನಿ. ಇಷ್ಟ್ಯಾಕ ಕೇಳ್ತಿ? ಕುಂದ್ರ ಹಂಗಾರ. ಎಳಿ ಕೊಡು."

ಅವಳು ಕೂತುಬಿಟ್ಟಳು, ಎಂ.ಎಸ್ಸಿ. ಮಾಡಿದವಳು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು. ಕೆಚ್ಚುವಾಗ ಎದುರಿಗೆ ಒಬ್ಬರು ಎಳೆ ಬಿಡಿಸಿ ಕೊಡುತ್ತಿದ್ದರೆ ಕೆಲಸ ಲಗೂ ಸಾಗುತ್ತದೆ. ಅಂದಿನಿಂದ ಸಂಜೆಗೆ ಒಂದು ತಾಸು ಅವಳದು ಅದೇ ಕೆಲಸ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ಕೈ ಓಡತೊಡಗಿದರೆ ನಮ್ಮತ್ತೆಯ ಬಾಯಿಯೂ ಓಡುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗ.

ಒಂದು ಸಂಜೆ ಅತ್ತೆ ತಮ್ಮ ಮದುವೆಯ ಹೊಸದರ ಮಾತು ತೆಗೆದರು. ತವರಿನ ನೆನಪಾಗಿ ಕೆಚ್ಚುತ್ತ ಕೆಚ್ಚುತ್ತ ಅತ್ತರಂತೆ. ಕಣ್ಣೀರು ಬಿದ್ದು ಬೂದಿ ಹಸಿಯಾಗಿ, ಹೊಸೆದದ್ದು ಬಿಗಿಯಾಗಲಿಲ್ಲವಂತೆ. ಮರುದಿನ ಅವರ ಮಾವ ಮಗ್ಗಕ್ಕೆ ಕೂತು ಎಳೆದರೆ ಒಂದು ಗೇಣಿನಷ್ಟು ಎಳೆ ಸಾಲಾಗಿ ಕಳಚಿ ಬಂದವಂತೆ. "ನಮ್ಮ ಮಾವ ಮಗ್ಗದಾಗಿಂದನ ಒದರಿದ್ರು. ಯಾರ ಅತ್ತಾರ ಇದರಾಗ, ಅಂದ್ರು. ನಾ ಒಳಗ ಬಾಯಾಗ ಸೆರಗ ತುರುಕ್ಕೊಂಡು ನಿಂತಿದ್ದೆ." ಹೇಳಿ ಅತ್ತೆ ನಕ್ಕರು. ಅವಳೂ ನಕ್ಕಳು.

ಅಯ್ಯೋ ಶಿವನೇ! ನನ್ನ ನಾಲ್ಕನೆಯ ಅಧ್ಯಾಯ ಪಡಸಾಲೆಯಲ್ಲಿ ಕೂತು ನಗುತ್ತಿತ್ತು, ನಾನು ಹಂಚಿನ ಮುಂದೆ ಇದ್ದೆ. ರೊಟ್ಟಿ ಹೊತ್ತಿಹೋಯಿತು. ಮೊಬೈಲ್ ತೆಗೆದುಕೊಂಡು ಓಡಿಬಂದು ಅತ್ತೆಯ ಮುಂದೆ ಇಟ್ಟು, "ಇನ್ನೊಮ್ಮೆ ಹೇಳ್ರಿ ಅತ್ತಿ," ಅಂದೆ. ಅತ್ತೆ ಮೊಬೈಲ್ ನೋಡಿದರು. "ಏನಿಲ್ಲ ಬಿಡವಾ, ಹಿಂಗ ಏನೋ ಮಾತ," ಅಂದು ಮತ್ತೆ ಎಳೆಗೆ ಬಾಗಿದರು.

ಅಂದು ರಾತ್ರಿ ಅನ್ನ ಸೇರಲಿಲ್ಲ. ಅವಳನ್ನು ಬೈಯಲು ಕಾರಣ ಹುಡುಕಿದೆ, ಸಿಗಲಿಲ್ಲ. ಸಿಗದೇ ಹೋದದ್ದಕ್ಕೆ ಇನ್ನಷ್ಟು ಉರಿಯಿತು. ಮರುದಿನ ಅವಳೇ ಬಂದು, "ಅಕ್ಕಾರ, ಅತ್ತಿ ಹೇಳಿದ್ದೆಲ್ಲಾ ಒಂದು ನೋಟಬುಕ್ಕಿನ್ಯಾಗ ಐತ್ರಿ. ನಿಮ್ಮ ಅಧ್ಯಾಯಕ್ಕ ಬೇಕಾದ್ರ ತಗೋರಿ," ಎಂದಳು. ಎಷ್ಟು ಮೆತ್ತಗೆ ಹೇಳಿದಳೆಂದರೆ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು.

"ಬ್ಯಾಡವಾ. ನನ್ನ ಕಡೆ ಭಾಳ ಐತಿ," ಅಂದೆ.

ನನ್ನ ಕಡೆ ಇದ್ದದ್ದು ನಲವತ್ತೆರಡು 'ಮುಗೀತಿಲ್ಲೋ'ಗಳು.

ಕಳೆದ ಚಳಿಗಾಲದಲ್ಲಿ ರೋಣದ ಒಂದು ಕಾಲೇಜಿನಿಂದ ವಾಟ್ಸಾಪ್‌ಗೆ ಆಹ್ವಾನ ಬಂತು. ಎಲ್ಲ ವಿಷಯಗಳಲ್ಲಿ ಇತ್ತೀಚೆಗೆ ನಡೆದ ಸಂಶೋಧನೆಗಳ ವಿಚಾರಸಂಕಿರಣವಂತೆ. ವಿಜ್ಞಾನದವರು, ಕಲೆಯವರು, ವಾಣಿಜ್ಯದವರು, ಯಾರು ಬೇಕಾದರೂ ಬರಬಹುದು. ಕಪ್ಪೆಯ ಮೇಲೆ ಒಂದು ಪ್ರಬಂಧ, ಉಳ್ಳಾಗಡ್ಡಿ ಮಾರುಕಟ್ಟೆಯ ಮೇಲೆ ಒಂದು, ಸೂಡಿಯ ಶಾಸನದ ಮೇಲೆ ಒಂದು, ಗಣಿತದ್ದು ಯಾರಿಗೂ ತಿಳಿಯದ್ದು ಒಂದು. ಗಿರಮಿಟ್ ಕಲಸಿದ ಹಾಗೆ. ನಾನು ಮೂಗು ಮುರಿದು ಬಿಟ್ಟಿದ್ದೆ. ಅಷ್ಟರಲ್ಲಿ ಅವಳು ಕೆಚ್ಚುವ ಬೂದಿಯ ಮೇಲೆ ಪ್ರಬಂಧ ಕಳಿಸಿದಳೆಂದು ಸ್ಟಾಫ್‌ರೂಮಿನಲ್ಲಿ ಗೊತ್ತಾಯಿತು. ಅಂದೇ ಸಂಜೆ ನನ್ನದನ್ನೂ ಕಳಿಸಿದೆ.

ರೋಣ ನನ್ನ ತವರು. ಅದು ನಾನೇ ಕಲಿತ ಕಾಲೇಜು, ನನ್ನ ಗುರುಗಳು ಮುಂದಿನ ಸಾಲಿನಲ್ಲಿ ಕೂರುವವರು. ಅಲ್ಲಿ ಅವಳೊಬ್ಬಳೇ ಮೆರೆಯುವುದೇ? ಅದಕ್ಕೇ ಅತ್ತೆಯನ್ನೂ ಕರೆದುಕೊಂಡು ಹೋಗಬೇಕೆಂದು ಹಟ ಹಿಡಿದವಳು ನಾನೇ. "ಅತ್ತಿ ಬ್ಯಾಡ್ರಿ, ಭಾಳ ಹೊತ್ತ ಕುರ್ಚಿ ಮ್ಯಾಲೆ ಕುಂದ್ರೂದಾಗಂಗಿಲ್ಲ," ಎಂದು ಅವಳು ಹಿಂದೆಮುಂದೆ ನೋಡಿದಳು. ನಾನು ಬಿಡಲಿಲ್ಲ. ಅತ್ತೆ ಮೊದಲು ನನ್ನ ಅತ್ತೆ, ಆಮೇಲೆ ಅವಳ ಅತ್ತೆ ಎಂದು ಸಭೆಗೆಲ್ಲ ತೋರಿಸಬೇಕಾಗಿತ್ತು.

ಅವಳ ಸರದಿ ಮೊದಲು. ಪರದೆಯ ಮೇಲೆ ಪ್ರಬಂಧದ ಹೆಸರು, ಅದರ ಕೆಳಗೆ ಲೇಖಕರ ಹೆಸರು ಎರಡು. ಒಂದು ಅವಳದು, ಇನ್ನೊಂದು ಅತ್ತೆಯದು. ನನ್ನ ಮಗ್ಗುಲಿಗೆ ಕೂತ ಅತ್ತೆ ಪರದೆ ನೋಡಿ ಸೆರಗು ಸರಿಪಡಿಸಿಕೊಂಡರು. ಹೆಸರು ಬರುತ್ತದೆಂದು ಇವಳು ಮೊದಲೇ ಹೇಳಿಟ್ಟಿದ್ದಾಳೆ, ನಾಟಕ, ಅಂದುಕೊಂಡೆ. ಅವಳು ನಾಲ್ಕು ಥರದ ಬೂದಿ ಹಚ್ಚಿ ಎಳೆ ಹೊಸೆದು, ಸಣ್ಣ ಸಣ್ಣ ತೂಕ ಕಟ್ಟಿ, ಯಾವುದು ಯಾವಾಗ ಜಾರಿತೆಂದು ತೋರಿಸಿದಳು. ಕುಳ್ಳಿನ ಬೂದಿ ಗೆದ್ದಿತು. ನನ್ನ ಹಳೆಯ ಗುರುಗಳು ಎದ್ದು ನಿಂತು, "ಇದಕ್ಕ ಅಂತಾರ ಸಂಶೋಧನೆ," ಎಂದರು. ನನಗೆ ಬಿ.ಎ.ಯಲ್ಲಿ ಪಾಠ ಹೇಳಿದವರು. ಇಷ್ಟು ವರ್ಷದಲ್ಲಿ ನನಗೆ ಒಮ್ಮೆ ಅಂದಿದ್ದರೆ!

ಊಟವಾದ ಮೇಲೆ ನನ್ನದು. ಸಭೆಯ ಕಾಲು ಭಾಗ ತೂಕಡಿಸುತ್ತಿತ್ತು. ನಾನು ನಾಲ್ಕನೆಯ ಅಧ್ಯಾಯದ ತಖ್ತೆ ತೋರಿಸಿದೆ. ಮಾಹಿತಿ ಕೊಟ್ಟವರನ್ನು ನಮ್ಮಲ್ಲಿ ವಕ್ತೃ ಅನ್ನುತ್ತೇವೆ, ಹೆಸರು ಹಾಕುವುದಿಲ್ಲ, ಸಂಖ್ಯೆ ಕೊಡುತ್ತೇವೆ. ಮೂರನೆಯ ಸಾಲು ಅತ್ತೆಯದು. 'ವಕ್ತೃ ೩: ಹೆಣ್ಣು, ೬೭, ನೇಕಾರಿಕೆ, ಗಜೇಂದ್ರಗಡ, ಅನಕ್ಷರಸ್ಥೆ.' ಪರದೆಯ ಮೇಲೆ ದೊಡ್ಡದಾಗಿ ಮೂಡಿತ್ತು. "ಈ ಮೂರನೇ ವಕ್ತೃ ನಮ್ಮ ಅತ್ತೆಯವರೇ, ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ," ಎಂದು ಕೈ ಚಾಚಿದೆ. ಎಲ್ಲರೂ ತಿರುಗಿ ನೋಡಿದರು. ಅತ್ತೆಯ ತುಟಿಗಳು ಮೆಲ್ಲಗೆ ಅಲ್ಲಾಡುತ್ತಿದ್ದವು. ಶಿವನಾಮ ಹೇಳುತ್ತಿದ್ದಾರೆ ಅಂದುಕೊಂಡೆ. ನೆಗೆಣ್ಣಿ ಯಾಕೋ ತಲೆ ತಗ್ಗಿಸಿದ್ದಳು. ಹೊಟ್ಟೆ ಉರಿದಿರಬೇಕು ಎಂದು ನನಗೆ ಖುಷಿಯಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಮಗ್ಗುಲಿಗೆ, ನಾನು ನಡುವೆ, ಅವಳು ಆಚೆ. ಬಸ್ಸು ಬಿಡುವ ಮುಂಚೆ ಅತ್ತೆ ತಲೆಯೆತ್ತಿ ಎದುರಿನ ತಗಡಿನ ಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದರು.

"ಮಹಿಳೆಯರಿಗೆ ಮೀಸಲು."

ನಾನು ತಿರುಗಿ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

"ಕೈ ಮತ್ತು ತಲೆ ಹೊರಗೆ ಹಾಕಬಾರದು." ಬಸ್ಸು ಹೊರಟಿತು. "ಬೀಜ ಮತ್ತು ಗೊಬ್ಬರ ಮಾರಾಟ ಮಳಿಗೆ. ಇಲ್ಲಿ ಎಗ್ ರೈಸ್ ಸಿಗುತ್ತದೆ. ಪಂಕ್ಚರ್ ತೆಗೆಯಲಾಗುವುದು." ಒಂದೂ ತಪ್ಪಿಲ್ಲ, ಒಂದೂ ತಡವರಿಕೆಯಿಲ್ಲ. ಊರು ದಾಟಿ ಬೋರ್ಡುಗಳು ಕಡಿಮೆಯಾದವು, ಆದರೂ ಅವರು ಬಿಡಲಿಲ್ಲ. ಕಿಲೋಮೀಟರ್ ಕಲ್ಲು ಓದಿದರು, ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರಿನ ಹಿಂದಿನ ಬರಹ ಓದಿದರು. "ಸೂಡಿ," ಎಂದು ಓದಿ ಸೀಟಿಗೆ ಒರಗಿದರು. ಕಂಡಕ್ಟರ್ ನಕ್ಕು, "ಭಾರಿ ಓದ್ತೀರಲ್ಲಬೇ ಯವ್ವಾ," ಎಂದ. "ಹೂಂನಪಾ. ಕೈ ಖಾಲಿ ಅದಾವಲ್ಲ," ಎಂದರು ಅತ್ತೆ. ಗಜೇಂದ್ರಗಡ ಬರುವವರೆಗೆ ನಾನು ನನ್ನ ಚಪ್ಪಲಿ ನೋಡಿಕೊಂಡು ಕೂತಿದ್ದೆ.

ಮನೆಗೆ ಬಂದು ಆ 'ಅನಕ್ಷರಸ್ಥೆ'ಯನ್ನು ಅಳಿಸಿದೆ. ಅಳಿಸಿದರೆ ಕಾಲಂ ಖಾಲಿಯಾಯಿತು. ತಿದ್ದಿ ಕಳಿಸಿದ ತಖ್ತೆ ನೋಡಿ ಮಾರ್ಗದರ್ಶಕರು ಫೋನ್ ಮಾಡಿ, "ಸಾಲಿ ಎಷ್ಟನೇತ್ತ ಅಂತ ಹಾಕ್ರಿ ಮೇಡಂ. ಮತ್ತ ಆ ಅಧ್ಯಾಯ ಯಾವಾಗ?" ಎಂದರು. ತಾಳಿಕೊಂಡು ಒಂದು ವಾರ ಕಳೆದೆ. ಎಂಟನೆಯ ದಿನ ಸಂಜೆ ಅತ್ತೆಯ ಎದುರಿಗೆ ನೆಲದ ಮೇಲೆ ಕೂತೆ. ಕುರ್ಚಿ ಇಲ್ಲ, ಮೊಬೈಲ್ ಇಲ್ಲ. ಒಂದೊಂದೇ ಎಳೆ ಬಿಡಿಸಿ ಕೊಡತೊಡಗಿದೆ. ಅತ್ತೆ ತೆಗೆದುಕೊಂಡು ಹೊಸೆದರು, ಬೇಡ ಅನ್ನಲಿಲ್ಲ.

"ಅತ್ತಿ, ನೀವು ಎಷ್ಟನೇತ್ತ ಮಟಾ ಸಾಲಿ ಕಲ್ತೀರಿ?"

ಕೈ ನಿಲ್ಲಲಿಲ್ಲ. "ನಂದೆಲ್ಲಾ ಸಣ್ಣಾಕಿ ಕಡೆ ಐತವಾ. ಅಕಿನ್ನ ಕೇಳು. ಹೇಳಿದ್ದ ಎಷ್ಟ ಸಲ ಹೇಳೂದು?"

ಸಿಟ್ಟಿನಿಂದ ಅಂದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಸಹಜವಾಗಿಯೇ ಅಂದರು. ಎದ್ದು ಅಡುಗೆಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

"ಆ ನೋಟಬುಕ್ ಕೊಡವಾ," ಅಂದೆ. 

"ಕೈ ಹಿಟ್ಟಾಗೈತ್ರಿ ಅಕ್ಕಾರ. ಮ್ಯಾಲೆ ಐತಿ, ನೀವ ತಗೊಂಡು ಓದ್ಕೋರಿ."

ತೆರೆದೆ. ಅವಳ ಅಕ್ಷರ ನನಗೆ ಗೊತ್ತು, ಕೋಳಿ ಕೆದರಿದ ಹಾಗಿರುತ್ತದೆ. ಇದು ಅವಳದಲ್ಲ. ದುಂಡಗೆ, ಸಾಲು ತಪ್ಪದೆ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಕೈ. ಮೇಲೆ ಅತ್ತೆಯ ಹೆಸರು, ತವರಿನ ಹೆಸರು, ಅದರ ಕೆಳಗೆ 'ನಾಕನೇತ್ತ ಪಾಸ' ಎಂದು ಬರೆದು ಎರಡು ಗೆರೆ ಎಳೆದಿತ್ತು.

"ನಾ ಬರಕೋತೀನ್ರಿ ಅಂದ್ರ ಕೇಳಲಿಲ್ರಿ, ನಿನ್ನ ಅಕ್ಷರ ಸುಮಾರದಾವು, ತಾ ಇಲ್ಲೆ ಅಂದ್ರು," ಎಂದು ಅವಳು ನಕ್ಕಳು. ಆಮೇಲೆ ನನ್ನ ಮುಖ ನೋಡಿ ಬಡಿಯುವುದನ್ನು ನಿಲ್ಲಿಸಿದಳು. "ಅಕ್ಕಾರ, ಅತ್ತಿಗೆ ಬರೀಲಿಕ್ಕೆ ಬರ್ತೈತಿ ಅಂತ ನಿಮಗ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ತು," ಅಂದೆ.