ಕಲ್ಲಮ್ಮನ ಬರಿಗೈ

ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ವರ್ಷ ರೋಶನಬಿ ಜೈಲಿನಿಂದ ಬಿಡುಗಡೆಯಾಗಿ ಚನ್ನಗಿರಿಗೆ ಮರಳಿ ಬಂದಳು. ಅವಳು ಬಳೆ ಇಡುವ ಹೆಂಗಸು. ಅಡಿಕೆ ವ್ಯಾಪಾರಿ ಶಿವಮೂರ್ತಪ್ಪನ ಹೆಂಡತಿ ಕಲ್ಲಮ್ಮ, ಬಳೆ ಇಡಲು ಬಂದವಳೇ ಸರ ಕದ್ದಳು ಎಂದು ಸಾಕ್ಷಿ ಹೇಳಿ ಅವಳನ್ನು ಒಳಗೆ ಹಾಕಿಸಿದ್ದಳು. ಆಮೇಲೆ ಅದೇ ಸರ ಮದುವೆಯ ದಿನ ಕಲ್ಲಮ್ಮನ ಮಗಳ ಕೊರಳಲ್ಲಿತ್ತು. ಊರೆಲ್ಲ ನೋಡಿತು, ಯಾರೂ ಬಾಯಿ ಬಿಡಲಿಲ್ಲ.

ರೋಶನಬಿಯ ಗಂಡ ಬಡೇಸಾಬ ಆಗಲೇ ಬೇರೆ ಮದುವೆಯಾಗಿ ಹೊನ್ನಾಳಿ ಸೇರಿದ್ದ. ನಮ್ಮ ಜಗಲಿ ಖಾಲಿ ಇತ್ತು. ಇಲ್ಲೇ ಇರು ಎಂದೆ. ಬಳೆ ಹೊತ್ತು ಬೀದಿ ಬೀದಿ ಸುತ್ತಿದಳು, ಕೆರೆಬಿಳಚಿಗೂ ಹೋದಳು. ಕೈ ಹಿಡಿದು ಮಾಡುವ ಕಸುಬು ಅದು. ಕಳ್ಳಿ ಅನ್ನಿಸಿಕೊಂಡವಳಿಗೆ ಯಾರೂ ಕೈ ಕೊಡಲಿಲ್ಲ.

"ಅಕ್ಕಾ, ನಾ ಕದ್ದಿಲ್ಲ ಅಂತ ಆ ಕಲ್ಲಮ್ಮನ ಬಾಯಿಂದಾನೇ ಹೇಳಿಸ್ಬೇಕು. ಅಲ್ಲೀತನಕ ಈ ಊರಾಗೆ ನಂಗೆ ಅನ್ನ ಇಲ್ಲ," ಎನ್ನುತ್ತಿದ್ದಳು ದಿನಾ ಸಂಜೆ. ನಾನು ಕೇಳುತ್ತಿದ್ದೆ. ದೇವರಿಗೆ ಬಿಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕಲ್ಲಮ್ಮನ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಬಸುರಿ ಬಳೆಯನ್ನು ಚಿಕ್ಕಂದಿನಿಂದ ತನಗೆ ಬಳೆ ಇಟ್ಟ ರೋಶನಬಿ ಕೈಯಿಂದಲೇ ಇಡಿಸಿಕೊಳ್ಳುತ್ತೇನೆ ಎಂದು ಹಟ ಹಿಡಿದಳು. ಕರೆ ಬಂತು.

"ಆ ಹೊಸ್ತಿಲು ನಾ ತುಳಿಯಾಕಿಲ್ಲ. ಬೇಕಾದ್ರೆ ಇಲ್ಲಿಗೇ ಬರ್ಲಿ," ಎಂದಳು ರೋಶನಬಿ.

ತಾಯಿ ಮಗಳು ಬಂದರು. ಬೀದಿಯ ಹೆಂಗಸರೂ ಸೇರಿದರು. ಮಗಳಿಗೆ ಹಸಿರು ಬಳೆ ಇಟ್ಟು ರೋಶನಬಿ ಬಾಯ್ತುಂಬ ಹರಸಿದಳು. ಪದ್ಧತಿಯಂತೆ ತಾಯಿಯೂ ಕೈ ಚಾಚಿದಳು. ರೋಶನಬಿ ಅವಳ ಹಳೆಯ ಬಳೆಗಳನ್ನೆಲ್ಲ ಕಳಚಿದಳು. ಶಾಸ್ತ್ರಕ್ಕೆಂದು ಒಂದನ್ನೂ ಉಳಿಸಲಿಲ್ಲ. ಎಲ್ಲವನ್ನೂ ತನ್ನ ಸೆರಗಿಗೆ ಕಟ್ಟಿ ಸುಮ್ಮನೆ ಕೂತಳು.

"ಬೇಗ ಇಡೇ! ಮುತ್ತೈದೆ ಬರಿಗೈಲಿ ಕೂರಬಾರ್ದು," ಎಂದಳು ಕಲ್ಲಮ್ಮ.

"ಇಡಾಕೆ ಭಯ ಆಗ್ತೈತಮ್ಮಾ. ನಿಮ್ ಕೈ ಮುಟ್ಟಿದ್ರೆ ನಾಳೆ ಏನ್ ಕಳೀತೈತೋ!"

ಪಕ್ಕದ ಮನೆಯ ಅಜ್ಜಮ್ಮ ನಕ್ಕಳು: "ಹಂಗೇ ಹೋಗಾಕಾಗುತ್ತೇನ್ರೀ? ಶಿವಮೂರ್ತಪ್ನೋರು ಎದುರಿಗೆ ಬಂದ್ರೆ ಎದೆ ಒಡ್ಕೊಂತಾರೆ!"

ಕಲ್ಲಮ್ಮ ನನ್ನ ಮುಖ ನೋಡಿದಳು. ನಾನು ತಡೆಯಲಿಲ್ಲ.

"ಸರ ಮನೇಲೇ ಸಿಕ್ತು," ಎಂದಳು ನೆಲ ನೋಡುತ್ತ.

"ಹಿಂದೆ ನಿಂತೋರಿಗೆ ಕೇಳಲಿಲ್ರೀ," ಎಂದಳು ರೋಶನಬಿ.

"ಸರ ನಮ್ಮನೇಲೇ ಸಿಕ್ತು! ಇವಳು ಕದ್ದಿರಲಿಲ್ಲ. ಗೊತ್ತಾದ್ರೂ ನಾನು ಹೇಳ್ಲಿಲ್ಲ!"

ಆಗ ರೋಶನಬಿ ಒಂದು ಅಳತೆ ಚಿಕ್ಕ ಬಳೆಗಳನ್ನೇ ಆರಿಸಿಕೊಂಡಳು. ಗೆಣ್ಣು ತರಚುವಂತೆ ಒತ್ತಿ ಒತ್ತಿ ಏರಿಸಿದಳು. ಕಲ್ಲಮ್ಮ ಹಲ್ಲು ಕಚ್ಚಿ ತಡೆದುಕೊಂಡಳು.

"ಇನ್ನು ಇವು ಒಡೆದ್ರೇನೇ ಹೊರಗೆ ಬರೋದು," ಎಂದಳು ರೋಶನಬಿ.

ಅಜ್ಜಮ್ಮ ಜನರನ್ನು ಸರಿಸಿಕೊಂಡು ಮುಂದೆ ಬಂದು ಕೂತಳು. "ನಂಗೂ ಇಡೇ ರೋಶನಬೀ. ನನ್ ಅಳತೇವು ಇಡು ಮತ್ತೆ!" ಎಂದು ಎರಡೂ ಕೈ ಚಾಚಿದಳು.